ಬೆನ್ನಿಗೊಂದು ಚೀಲ, ಮಂಗಳೂರಿಗೊಂದು ದಿನ

ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ ಹುಡುಗಿಯರು ಈಚೆಗೆ ನಮ್ಮ ಮಂಗಳೂರಲ್ಲೂ ಕಾಣಸಿಗುತ್ತಾರೆ, ಗಮನಿಸಿದ್ದೀರಾ ಮಾರಾಯ್ರೆ? ಮೊದಲೆಲ್ಲ ಈ ಮಂದಿ ಗೋಕರ್ಣಕ್ಕೆ ಬಂದರೆ ಅಲ್ಲಿಂದ ಮೇಲೆ ಗೋವಾ, ಕೆಳಗೆ ಕೊಚ್ಚಿ. ನಡುವೆ ಮಂಗಳೂರು ಅಂದರೆ ರೈಲು ಬದಲಿಸುವ ಜಾಗ, ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹಾ ಕುಡಿದರೆ ಮುಗಿಯಿತು. ಈಗ ಹಾಗಲ್ಲ. ಬೆಳಿಗ್ಗೆ ಹಾಲು ತರಲಿಕ್ಕೆ ಬಿಜೈ ಬಸ್‌ಸ್ಟ್ಯಾಂಡಿನ ಕಡೆ ಹೋದರೆ ಒಬ್ಬರಾದರೂ ಎದುರಾಗುತ್ತಾರೆ. ಚೀಲದ ಹೊರಗೆ ನೇತಾಡುವ ಚಪ್ಪಲಿ, ಪಕ್ಕದಲ್ಲಿ ನೀರಿನ ಬಾಟಲಿ, ಸುತ್ತಿಟ್ಟ ಚಾಪೆ, ಒಣಗಲಿ ಅಂತ ಮೇಲೆ ಹರವಿದ ಟವೆಲು. ಇಡೀ ಸಂಸಾರವೇ ಬೆನ್ನ ಮೇಲೆ. ಹಾಗೇ ನಿಂತು ಸಿಟಿಬಸ್ಸುಗಳ ಬೋರ್ಡು ಓದುತ್ತಿರುತ್ತಾರೆ. ಯಾವ ಬಸ್ಸು ನೋಡಿದರೂ ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್.

ನಮ್ಮ ಅಕ್ಕನ ಮಗನೂ ಹೀಗೇ ಬಂದ. ಅಕ್ಕನನ್ನು ರಾಣೆಬೆನ್ನೂರಿಗೆ ಕೊಟ್ಟದ್ದು ನಿಮಗೆ ಗೊತ್ತಲ್ಲ, ಅವಳ ಕಿರಿಯವ. ಕದ್ರಿಯಿಂದ ಫೋನು ಮಾಡಿದ. "ಮಾಮಾ, ನಾ ಮಂಗಳೂರಾಗ ಅದೀನಿ. ಮನಿಗೆ ಬರಂಗಿಲ್ಲ, ಸಿಟ್ಟಾಗಬ್ಯಾಡ್ರಿ" ಅಂತ. ಅವನ ಲೆಕ್ಕಾಚಾರ ಕೇಳಿ. ರಾತ್ರಿ ಬಸ್ಸಿನಲ್ಲಿ ಮಲಗಿದರೆ ಲಾಡ್ಜಿನ ದುಡ್ಡು ಉಳಿಯಿತು. ಬೆಳಗಿಂದ ರಾತ್ರಿಯವರೆಗೆ ಊರು ಸುತ್ತುವುದು, ಮತ್ತೆ ರಾತ್ರಿ ಬಸ್ಸಿಗೆ ವಾಪಸು. ಆಟೊ ಇಲ್ಲ, ಟ್ಯಾಕ್ಸಿ ಇಲ್ಲ. ಕಾಲು, ಬಸ್ಸು, ದೋಣಿ ಇಷ್ಟೇ. ನೆಂಟರ ಮನೆ ಮಾತ್ರ ಕೂಡದು. "ನೆಂಟರ ಮನಿಗೆ ಹೋದ್ರ ಊಟದ ಮ್ಯಾಲೆ ಊಟ, ಊರು ನೋಡೂದು ಹಂಗ ಉಳಿದು ಹೋಗತೈತಿ ಮಾಮಾ." ಮಾತು ಸರಿಯಾಗಿಯೇ ಇದೆ ಅಲ್ವಾ? ನೆಂಟರ ಮನೆಗೆ ಅವನು ಬರುವುದಿಲ್ಲ ಅಂತಾದರೆ ನೆಂಟರೇ ಅವನ ಹತ್ತಿರ ಹೋಗಬಹುದಲ್ಲ. ಕೊಡೆ ಹಿಡಿದುಕೊಂಡು ನಾನೂ ಹೊರಟೆ. ನಮ್ಮ ಮನೆಯವಳು ಬಾಗಿಲಲ್ಲಿ ನಿಂತು, "ಸ್ನಾನಕ್ಕಾದರೂ ಕರ್ಕೊಂಡು ಬನ್ನಿ, ಬಿಸಿನೀರು ಉಂಟು" ಅಂದಳು.

ಸ್ನಾನ ಆಗಿಯೇ ಹೋಗಿತ್ತು. ಕದ್ರಿ ದೇವಸ್ಥಾನದ ಮೇಲಿನ ಕೆರೆಯಲ್ಲಿ! ಗೋಮುಖದ ನೀರು ಇಳಿದು ಬರುತ್ತದಲ್ಲ, ಆ ಕೆರೆಗಳಲ್ಲಿ ಮುಳುಗೆದ್ದು, ಟವೆಲು ಚೀಲದ ಮೇಲೆ ಹರವಿ, ಮೆಟ್ಟಿಲಲ್ಲಿ ಕೂತು ತಲೆ ಒಣಗಿಸುತ್ತಿದ್ದ. ಡಿಸೆಂಬರಿನ ಬೆಳಗಿನಲ್ಲೂ ನೀರು ಅಷ್ಟೇನೂ ತಣ್ಣಗಿರಲಿಲ್ಲವಂತೆ. ಭಕ್ತರು ಮಿಂದು ಒಳಗೆ ಹೋಗುವುದು ಅಲ್ಲಿನ ಪದ್ಧತಿಯೇ. ಇವನಿಗೆ ಅದು ಪುಕ್ಕಟೆ ಸ್ನಾನವೂ ಆಯಿತು, ಪುಣ್ಯವೂ ಆಯಿತು.

ಒಳಗೆ ಹೋದಾಗ ನೋಡಿ, ಅವನು ಲೋಕೇಶ್ವರನ ಮುಂದೆ ನಿಂತುಬಿಟ್ಟ. ಮೂರು ಮುಖ, ಆರು ಕೈ, ಕಿರೀಟದಲ್ಲಿ ಕಂಡೂ ಕಾಣದ ಹಾಗೆ ಕೂತ ಪುಟ್ಟ ಬುದ್ಧ. ಆಳುಪ ದೊರೆ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತದೆ. ದಕ್ಷಿಣದ ಕಂಚಿನ ವಿಗ್ರಹಗಳ ಮಾತು ಬಂದಾಗ ಓದಿದವರು ಮರೆಯದೆ ಹೇಳುವ ಹೆಸರು. ನಾವು? ಮಂಜುನಾಥನಿಗೆ ಕೈಮುಗಿದು ಬರುವಾಗ ಇವನಿಗೂ ಒಂದು ನಮಸ್ಕಾರ ಹಾಕಿ, ಸುತ್ತು ಮುಗಿಸಿ, ತೀರ್ಥ ತಗೊಂಡು ಹೊರಗೆ. ಹುಡುಗನಿಗೆ ಆಶ್ಚರ್ಯ ಅದೇ. "ಮಾಮಾ, ಸಾವಿರ ವರ್ಷದ್ದು ಅಂತೀರಿ, ಗಾಜಿನ ಪೆಟ್ಟಿಗಿ ಇಲ್ಲ, ಟಿಕೆಟಿಲ್ಲ, ಹೂವು ಏರಿಸ್ಯಾರ!" ಅಂದ. ನಾನು ಹುಟ್ಟಿದಾಗಿನಿಂದ ನೋಡುತ್ತಾ ಬಂದವನು. ಹೂವು ಏರಿಸದೆ ಬೇರೆ ಏನು ಮಾಡುವುದು ಅಂತ ನನಗೆ ಅನಿಸಿತು. ಬೌದ್ಧ ವಿಹಾರ ಇತ್ತಂತೆ, ಅದು ಹೋಯಿತು, ನಾಥಪಂಥದವರು ಬಂದರು, ಶಿವ ಬಂದ. ಬಂದವರು ಯಾರೂ ಹಿಂದಿನವರನ್ನು ಹೊರಗೆ ಹಾಕಲಿಲ್ಲ. ಜಾಗ ಮಾಡಿಕೊಟ್ಟು ಜೊತೆಗೇ ಕೂತರು. ನಮ್ಮೂರಿನ ಈ ಗುಣ ನನಗೆ ಬಹಳ ಇಷ್ಟ.

ಗುಡ್ಡದ ಮೇಲೆ ಜೋಗಿ ಮಠ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿದೆ: ಚೀಲ ಹೊತ್ತು ಊರೂರು ತಿರುಗುವುದು ನಿಮ್ಮ ಕಾಲದ್ದು ಅಂತ ತಿಳಿಯಬೇಡ ಮಗಾ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳ ಮುಗಿಸಿ ತ್ರ್ಯಂಬಕೇಶ್ವರದಿಂದ ಜೋಗಿಗಳ ಝುಂಡಿ ಹೊರಡುತ್ತದೆ. ಬಸ್ಸಿಲ್ಲ, ರೈಲಿಲ್ಲ, ನಡಿಗೆ. ತಿಂಗಳುಗಟ್ಟಲೆ ನಡೆದು ಸಹ್ಯಾದ್ರಿ ಇಳಿದು ಕದ್ರಿಗೆ ಬಂದು ಹೊಸ ಜೋಗಿ ಅರಸನಿಗೆ ಪಟ್ಟ ಕಟ್ಟುತ್ತಾರೆ. ಈ ಹಿಂದೆ 2016ರಲ್ಲಿ ಬಂದಿದ್ದರು. ಬಿಜೈ ಕಡೆಯವರೆಲ್ಲ ರಸ್ತೆ ಬದಿ ನಿಂತದ್ದು ನಿಮಗೂ ನೆನಪಿರಬೇಕು. ಖರ್ಚಿಲ್ಲದ ಪ್ರವಾಸ ಅಂದರೆ ಅದು ಅಲ್ವಾ?

ಈ ಜೋಗಿ ಅರಸನನ್ನು ನೋಡಲಿಕ್ಕೆ ಅಂತ ಹಿಂದೆ ಇಟಲಿಯವನೊಬ್ಬ ಬಂದಿದ್ದ, ಪಿಯೆತ್ರೊ ದೆಲ್ಲಾ ವಾಲೆ. 1623ರ ಮಾತು. ಅರಸ ಅಂದರೆ ಸಿಂಹಾಸನ, ಚಾಮರ ಅಂತೆಲ್ಲ ಎಣಿಸಿಕೊಂಡು ಹತ್ತಿದನೋ ಏನೋ, ಕಂಡದ್ದು ಬೇಸಾಯಗಾರನ ಹಾಗೆ ತನ್ನ ಕೆಲಸದಲ್ಲಿ ತೊಡಗಿದ್ದ ಮನುಷ್ಯನನ್ನು. ಅದೇ ಸಲ ಮಣೇಲಿನಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನೂ ಎದುರಾದಳು. ಬರಿಗಾಲಲ್ಲಿ, ಹೊಸದಾಗಿ ತೋಡಿಸುತ್ತಿದ್ದ ಕಾಲುವೆ ನೋಡಲಿಕ್ಕೆ ಹೊರಟಿದ್ದಳಂತೆ. ಊರಿನ ಅರಸ ಗದ್ದೆಯಲ್ಲಿ, ರಾಣಿ ತೋಡಿನ ಬದಿಯಲ್ಲಿ! ಆ ಮನುಷ್ಯ ಇದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಕಾಗದದಲ್ಲಿ ಬರೆದ, ನಮಗೆ ಉಳಿಯಿತು. ಅವನ ಸಾಮಾನಿನ ಕತೆ ಒಂದುಂಟು, ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ದಾರಿಯಲ್ಲಿ, ಪರ್ಷಿಯಾದಲ್ಲಿ, ಅವನ ಹೆಂಡತಿ ತೀರಿಹೋದಳು. 1621ರಲ್ಲಿ. ಪರದೇಶದ ಮಣ್ಣಿನಲ್ಲಿ ಬಿಟ್ಟು ಬರಲಿಕ್ಕೆ ಮನಸ್ಸಾಗದೆ, ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಇಂಡಿಯಾಕ್ಕೂ ತಂದು, ಇಲ್ಲಿಂದ ರೋಮಿಗೆ ಸಾಗಿಸಿ ಅಲ್ಲಿ ಮಣ್ಣು ಮಾಡಿದ. ಇದನ್ನು ಹೇಳುವಾಗ ಹುಡುಗ ತನ್ನ ಚೀಲದ ಪಟ್ಟಿ ಸರಿಮಾಡಿಕೊಂಡು ಸುಮ್ಮನಾದ.

ನಾನು ಎಲ್ಲಿಂದೆಲ್ಲಿಗೋ ಹೋದೆ. ಕದ್ರಿಯಿಂದ ಇಳಿದೆವು. ಮಲ್ಲಿಕಟ್ಟೆಯ ಹತ್ತಿರ ಒಂದು ಸಣ್ಣ ಕ್ಯಾಂಟೀನಿನಲ್ಲಿ ನೀರುದೋಸೆ, ಬನ್ಸ್, ಚಹಾ. ಬನ್ಸ್ ಅಂದಾಗ ಅವನು ಬೇಕರಿಯ ಬನ್ನು ಬರುತ್ತದೆ ಅಂತ ಕಾದಿದ್ದ. ಬಾಳೆಹಣ್ಣು ಹಾಕಿ ಕಲಸಿ ಉಬ್ಬಿಸಿ ಕರಿದ ಪೂರಿ ತಟ್ಟೆಗೆ ಬಂತು. ಮುರಿದಾಗ ಒಳಗಿನ ಜಾಳಿಗೆಯಿಂದ ಹಬೆ ಹೊರಗೆ ಬರುತ್ತದಲ್ಲ, ಅದಕ್ಕೆ ಮೂಗು ಒಡ್ಡಿದ. ಇನ್ನೊಂದು ತರಿಸಿದ. ಬಿಲ್ಲು ಕೊಡಲಿಕ್ಕೆ ನನ್ನನ್ನು ಬಿಡಲಿಲ್ಲ, ಅದೂ ಅವನ ಕಟ್ಟುಪಾಡಿನಲ್ಲಿ ಸೇರಿದೆಯಂತೆ. ತನ್ನ ಪಾಲು ತನ್ನದು, ನನ್ನ ಪಾಲು ನನ್ನದು.

ಬಸ್ಸಿನ ಸುದ್ದಿ ಹೇಳದೆ ಮುಂದೆ ಹೋಗಲಾರೆ. ಬೇರೆ ಊರಿನಲ್ಲಿ ಸಿಟಿಬಸ್ಸು ಅಂದರೆ ಸರಕಾರದ್ದು, ನಮ್ಮಲ್ಲಿ ಹೆಚ್ಚಿನವು ಖಾಸಗಿ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಶುರುವಾದದ್ದು 1914ರಲ್ಲಿ. ಆಗಿನಿಂದ ಈ ಊರಿಗೆ ಬಸ್ಸಿನ ಹುಚ್ಚು. ಮಾಲಿಕರು ಬಸ್ಸಿಗೆ ಹೆಸರಿಡುತ್ತಾರೆ, ಮುಂದಿನ ಗಾಜಿಗೆ ದಿನಾ ಮಲ್ಲಿಗೆ ಮಾಲೆ ಹಾಕುತ್ತಾರೆ, ಜನ ಹೆಸರು ಹಿಡಿದೇ ಬಸ್ಸಿಗೆ ಕಾಯುತ್ತಾರೆ. ಕಂಡಕ್ಟರ್ ಬಾಗಿಲಲ್ಲಿ ಒಂದು ಕಾಲಿಟ್ಟು "ರೈಟ್ ಪೋಯಿ" ಅಂದದ್ದೇ ತಡ, ಹೊರಟಿತು. ಹುಡುಗ ಚೀಲ ಸಮೇತ ಹತ್ತಿದಾಗ ಕಂಡಕ್ಟರ್ ಒಂದೂ ಮಾತಾಡದೆ ಅದನ್ನು ಎತ್ತಿ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲಿಟ್ಟ. ಇಳಿಯುವಾಗ ತಾನೇ ಎತ್ತಿ ಕೊಟ್ಟ. ಇಂಥ ನಾಲ್ಕು ಜನ ಇದ್ದರೆ ಸಾಕು, ಊರಿಗೆ ಬೇರೆ ಪ್ರಚಾರ ಬೇಡ. ಆಮೇಲೆ ಅವನು ಕೇಳಿದ, ಇಷ್ಟೊಂದು ಜನಕ್ಕೆ ಬೆಳಿಗ್ಗೆಯೇ ಬ್ಯಾಂಕಿನಲ್ಲಿ ಏನು ಕೆಲಸ ಮಾಮಾ? ಸ್ಟೇಟ್‌ಬ್ಯಾಂಕ್ ಅಂದರೆ ಬಸ್ಸು ನಿಲ್ಲುವ ಜಾಗದ ಹೆಸರು ಅಂತ ಹೇಳಿದೆ. ಆದರೆ ಅವನ ಪ್ರಶ್ನೆಯಲ್ಲೂ ನ್ಯಾಯ ಇದೆ. 1906ರಲ್ಲಿ ಕೆನರಾ ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಇದೇ ಊರಲ್ಲಿ ಹುಟ್ಟಿದವು. ಉಡುಪಿಯ ಎರಡನ್ನು ಸೇರಿಸಿದರೆ ಆಗಿನ ಒಂದೇ ಜಿಲ್ಲೆಗೆ ಐದು! ಬ್ಯಾಂಕಿನಲ್ಲಿ ಕೆಲಸ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಯಾವುದಿತ್ತು ಹೇಳಿ?

ಜ್ಯೋತಿ ಸ್ಟಾಪಿನಲ್ಲಿ ಇಳಿದೆವು. ಹತ್ತಿರದ ಬಲ್ಮಠದ ಕಡೆಗೆ ಕೈ ತೋರಿಸಿ, ಬಾಸೆಲ್ ಮಿಶನ್ನಿನವರು ಅಚ್ಚುಹಾಕುತ್ತಿದ್ದ ಕಾಲದ್ದು ಹೇಳಿದೆ. 1843ರ ಜುಲೈ 1ಕ್ಕೆ ಮೊಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರ ಪತ್ರಿಕೆ, 1894ರಲ್ಲಿ ಕಿಟೆಲ್ ಕೋಶ. ಎಲ್ಲ ನಿಮಗೆ ಗೊತ್ತಿದ್ದದ್ದೇ. ಬಾವುಟಗುಡ್ಡೆ ಹತ್ತುವಾಗ ರಾಮಯ್ಯ ಗೌಡರ ಪ್ರತಿಮೆಯ ಕೆಳಗೆ ಸ್ವಲ್ಪ ಹೊತ್ತು ನಿಂತೆವು. 1837ರಲ್ಲಿ ಅವರ ಜೊತೆ ಸುಳ್ಯದ ಕಡೆಯ ರೈತರು ಬಂದು ಕಂಪನಿಯ ಬಾವುಟ ಇಳಿಸಿದ್ದು ಇಲ್ಲೇ ಅಲ್ವಾ. ಬಿಸಿಲು ಏರಿತ್ತು. ರಾಣೆಬೆನ್ನೂರಿನ ಬಿಸಿಲು ಇದಕ್ಕಿಂತ ಜೋರು, ಆದರೆ ಅದು ಒಣ ಬಿಸಿಲು. ನಮ್ಮ ಸೆಕೆ ಅವನಿಗೆ ಹೊಸದು. ನೆರಳಲ್ಲಿ ನಿಂತರೂ ಬೆವರುತ್ತದಲ್ಲ ಅಂತ ಅಂಗಿ ಹಿಂಡಿ ತೋರಿಸಿದ.

ಅಲೋಶಿಯಸ್ ಚಾಪೆಲಿನ ಒಳಗೆ ಕಾಲಿಟ್ಟ ಮೇಲೆ ಸೆಕೆ, ಬೆವರು ಎಲ್ಲ ಮರೆತುಹೋಯಿತು. ಅದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಹೊರಗಿನಿಂದ ನೋಡಿದರೆ ಕಾಲೇಜಿನ ಒಂದು ಕಟ್ಟಡ, ಪಕ್ಕದಲ್ಲೇ ಮಕ್ಕಳು ಪುಸ್ತಕ ಹಿಡಿದು ಕ್ಲಾಸಿಗೆ ಓಡುತ್ತಿರುತ್ತಾರೆ. ಬಾಗಿಲು ದಾಟಿದರೆ ಗೋಡೆಯಲ್ಲಿ, ಕಮಾನಿನಲ್ಲಿ, ಮಾಡಿನಡಿಯಲ್ಲಿ ಬೆರಳಿಡಲಿಕ್ಕೆ ಖಾಲಿ ಜಾಗ ಇಲ್ಲ. ಆಂಟೊನಿಯೊ ಮೊಸ್ಕೇನಿ ಅಂತ ಇಟಲಿಯ ಜೆಸ್ವಿತ್ ಬ್ರದರ್. 1899ರಲ್ಲಿ ಬಂದವನು ಎರಡು ವರ್ಷ ಮಿಕ್ಕಿ ಅದರೊಳಗೇ ಕಳೆದ. ಗೋಡೆಯ ಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲೆ ಬಿಡಿಸಿದವು, ಮಾಡಿನಡಿಯವು ಬಟ್ಟೆಯ ಮೇಲಿನ ಎಣ್ಣೆಬಣ್ಣದವು. ಹಸಿ ಗಾರೆಯ ಕೆಲಸ ಅಂದರೆ ಗೊತ್ತಲ್ಲ, ಆ ದಿನ ಎಷ್ಟು ಬಿಡಿಸುವುದಕ್ಕಿದೆಯೋ ಅಷ್ಟಕ್ಕೇ ಬೆಳಿಗ್ಗೆ ಗಾರೆ ಬಳಿಯಬೇಕು, ಅದು ಒಣಗುವ ಮೊದಲು ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಬಣ್ಣವನ್ನು ಕುಡಿದು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತಪ್ಪಿದರೆ ಒರೆಸುವ ಹಾಗಿಲ್ಲ, ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಇಟಲಿಯಲ್ಲಾದರೆ ಸರಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮೂರಲ್ಲಿ, ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುವಲ್ಲಿ, ಆ ಮನುಷ್ಯ ಹೇಗೆ ಗಾರೆ ಕಾದನೋ! 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದ. ಮತ್ತೆ ಊರು ನೋಡಲೇ ಇಲ್ಲ.

ಹುಡುಗ ಬೆಂಚಿನ ಮೇಲೆ ಕೂತು ಕುತ್ತಿಗೆ ಹಿಂದಕ್ಕೆ ಚೆಲ್ಲಿದವನು ಏಳಲೇ ಇಲ್ಲ. ಕಂಬದ ಮೇಲೆ ಉಬ್ಬಿ ನಿಂತ ಹೂಬಳ್ಳಿ ಕೆತ್ತಿದ್ದೋ ಬಿಡಿಸಿದ್ದೋ ಅಂತ ನಮ್ಮಿಬ್ಬರಲ್ಲಿ ಚರ್ಚೆ ಆಯಿತು. ಹತ್ತಿರ ಹೋದರೆ ಚಪ್ಪಟೆ ಗೋಡೆ. ನೆರಳು ಸಮೇತ ಬಿಡಿಸಿದ್ದಾನೆ ಪುಣ್ಯಾತ್ಮ. ಸಣ್ಣವನಿದ್ದಾಗ ನಮ್ಮಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಮುನ್ಸಿಪಾಲಿಟಿ ಗುಮಾಸ್ತರ ಮಗನಿಗೆ ಇಟಲಿಯ ಚಿತ್ರ ಇನ್ನೆಲ್ಲಿ ಸಿಗಬೇಕು? ಈಗಲೂ ಹಾಗೇ, ಯಾರ ಮಗ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಅಲ್ಲಿಂದ ಹಂಪನಕಟ್ಟೆ ದಾಟಿ ಬಂದರಿಗೆ ನಡೆದೇ ಇಳಿದೆವು. ನಡೆಯುವವನಿಗೇ ಬಂದರು ಕಾಣುವುದು. ಕಾರಿನಲ್ಲಿ ಹೋದರೆ ಲಾರಿಯ ಹಿಂಭಾಗ ಮಾತ್ರ. ಒಂದೊಂದು ಓಣಿಗೆ ಒಂದೊಂದು ವಾಸನೆ, ಒಂದರಲ್ಲಿ ಒಣಮೆಣಸು, ಮುಂದಿನದರಲ್ಲಿ ಕೊಬ್ಬರಿ, ತಿರುಗಿದರೆ ಒಣಮೀನು. ಧಕ್ಕೆಯ ಬದಿಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಹಡಗು ನಿಂತಿತ್ತು. ಅಕ್ಕಿ ಮೂಟೆ, ಈರುಳ್ಳಿ, ಸಿಮೆಂಟು, ಬಾಳೆಗೊನೆ, ಒಂದು ಸೈಕಲ್ಲು, ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿ. ಮಳೆಗಾಲದಲ್ಲಿ ಮಂಜಿ ಓಡುವುದಿಲ್ಲವಲ್ಲ, ಅದರೊಳಗೆ ದ್ವೀಪಕ್ಕೆ ಸಾಮಾನು ಮುಟ್ಟಬೇಕು. ಮೂಟೆ ಹೊರುವವರು ಕಿರಿದಾದ ಹಲಗೆಯ ಮೇಲೆ ಅಳುಕದೆ ನಡೆಯುವುದನ್ನು ನೋಡುತ್ತ ಹುಡುಗ ತನ್ನ ಚೀಲ ಕೆಳಗಿಟ್ಟ.

ಒಂಬೈನೂರು ವರ್ಷದ ಹಿಂದೆಯೂ ಇಲ್ಲಿ ಇದೇ ಕೆಲಸ ನಡೆಯುತ್ತಿತ್ತು ಅಂದೆ. ಅಬ್ರಹಾಂ ಬೆನ್ ಯಿಜು ಅನ್ನುವ ಯೆಹೂದಿ ವ್ಯಾಪಾರಿ, ಟ್ಯುನೀಷಿಯಾದವ, 1132ರ ಸುಮಾರಿಗೆ ಬಂದು ಹದಿನೇಳು ವರ್ಷದ ಹತ್ತಿರ ಈ ಕಡೆಯೇ ಇದ್ದ. ಏಡನ್ನಿಗೆ ಮೆಣಸು, ಕಬ್ಬಿಣ, ಅಡಕೆ ಕಳಿಸುವುದು, ಅಲ್ಲಿಂದ ಕಾಗದ, ಸಕ್ಕರೆ, ದ್ರಾಕ್ಷಿ ತರಿಸಿಕೊಳ್ಳುವುದು. ಆಶು ಅನ್ನುವ ಇಲ್ಲಿನ ಹೆಣ್ಣನ್ನು ಕಟ್ಟಿಕೊಂಡ, ಮಕ್ಕಳಾದವು. ಬೊಮ್ಮ ಅಂತ ಅವನ ಆಳು, ಏಡನ್ನಿನ ತನಕ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ. ಈ ಕಾಗದಗಳೆಲ್ಲ ಕೈರೋದ ಒಂದು ಯೆಹೂದಿ ಮಂದಿರದ ಕೋಣೆಯಲ್ಲಿ ಸಿಕ್ಕವು. ಅಮಿತಾವ್ ಘೋಷ್ ಅದನ್ನೇ ಬೆನ್ನಟ್ಟಿ ಪುಸ್ತಕ ಬರೆದರು. ನನಗೆ ಬೊಮ್ಮನ ಮೇಲೆ ಬಹಳ ಪ್ರೀತಿ. ನಮ್ಮ ಕಡೆಯ ಸಾಮಾನ್ಯ ಆಳೊಬ್ಬ ಅಷ್ಟು ಹಿಂದೆ ಸಮುದ್ರ ದಾಟಿ ಹೋಗಿ ಲೆಕ್ಕ ಕೊಟ್ಟು ಬಂದದ್ದು ಸಣ್ಣ ವಿಷಯವಾ? ಇಬ್ನ್ ಬತೂತ ಬಂದದ್ದು ಅದಕ್ಕೂ ಎರಡು ನೂರು ವರ್ಷ ಆಮೇಲೆ. ಅವನೂ ಇಲ್ಲಿನ ಮೆಣಸು, ಶುಂಠಿಯ ರಾಶಿ ನೋಡಿ ಬರೆದು ಹೋದ.

ಹಸಿವಾಯಿತು. ಬಂದರಿನ ಮೀನಿನ ಊಟದ ಹೋಟೆಲು, ನಿಮಗೆ ಗೊತ್ತಿರುವಂಥದ್ದೇ, ಬೆಂಚು ಹಂಚಿಕೊಂಡು ಕೂರಬೇಕು. ಕಾಣೆ ಕೇಳಿದರೆ ಕಿಸೆ ಖಾಲಿ, ಬೂತಾಯಿ ಕೇಳಿದರೆ ಹೊಟ್ಟೆ ತುಂಬ. ಅವನು ಬೂತಾಯಿಯೇ ಹೇಳಿದ. ಕುಚ್ಚಲಕ್ಕಿ ಅನ್ನ ನೋಡಿ, ಇಷ್ಟು ದಪ್ಪ ಅಗುಳಾ ಅಂತ ಒಂದನ್ನು ಬೆರಳ ತುದಿಯಲ್ಲಿಟ್ಟು ಪರೀಕ್ಷೆ ಮಾಡಿದ. ಎದುರು ಕೂತ ಲೋಡಿಂಗಿನವರೊಬ್ಬರು, "ಮುಳ್ಳು ಬಿಡಿಸಬೇಡ ಮಗಾ, ಹಾಗೇ ಅಗಿ, ಬೂತಾಯಿ ಮುಳ್ಳು ಏನೂ ಮಾಡುವುದಿಲ್ಲ" ಅಂತ ಕಲಿಸಿಕೊಟ್ಟರು. ದುಡ್ಡಿದ್ದವನಿಗೆ ಎಸಿ ಕೋಣೆಯಲ್ಲಿ ಈ ಪಾಠ ಹೇಳುವವರು ಸಿಗುವುದಿಲ್ಲ. ಕಡಿಮೆ ಖರ್ಚಿನಲ್ಲಿ ತಿರುಗುವವನು ಊರಿನವರು ಕೂರುವಲ್ಲಿ ಕೂರುತ್ತಾನೆ, ಊರಿನವರು ಹತ್ತುವ ಬಸ್ಸು ಹತ್ತುತ್ತಾನೆ. ಮಂಗಳೂರು ಸಿಗುವುದು ಅಂಥವನಿಗೇ ಅನ್ನುವುದು ನನ್ನ ನಂಬಿಕೆ. ನಮ್ಮ ದೊಡ್ಡ ಸಂಗತಿಗಳೆಲ್ಲ ಇನ್ನೂ ಬಳಕೆಯಲ್ಲಿವೆ, ಅದಕ್ಕೇ.

ಊಟ ಆದ ಮೇಲೆ ಝೀನತ್ ಬಕ್ಷ್ ಮಸೀದಿಗೆ ಹೋಗಿ, ಒಪ್ಪಿಗೆ ಕೇಳಿ, ಕಾಲು ತೊಳೆದು, ಮರದ ಕಂಬಗಳನ್ನು ನೋಡಿದೆವು. ಅಷ್ಟು ನುಣುಪು ಕೆತ್ತನೆ, ಬಳ್ಳಿಯ ಒಂದು ತುದಿ ಹಿಡಿದರೆ ಕಣ್ಣು ಕಂಬದ ಸುತ್ತ ಹೋಗಿ ಬರಬೇಕು. ಹೊರಗೆ ಬರುವಾಗ ಬೀದಿಯಲ್ಲಿ ಒಂದು ಹಳೆಯ ಗೋದಾಮಿನ ಮಾಡು ಬಿಚ್ಚಿ ಹಂಚನ್ನು ಅಟ್ಟಿ ಕಟ್ಟಿದ್ದರು. ಒಂದನ್ನು ಮಗುಚಿ ತೋರಿಸಿದೆ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಅಂತ ಒತ್ತಿದ ಅಚ್ಚು ಇನ್ನೂ ಬೆರಳಿಗೆ ಸಿಗುತ್ತದೆ.

ಹಂಚಿನ ಮಾತು ತೆಗೆದರೆ ನನಗೆ ನಿಲ್ಲಿಸಲಿಕ್ಕಾಗುವುದಿಲ್ಲ. ನೇತ್ರಾವತಿ ದಂಡೆಯಲ್ಲಿ, ಜೆಪ್ಪುವಿನಲ್ಲಿ, ಪ್ಲೆಬ್‌ಸ್ಟ್ ಅನ್ನುವ ಮಿಶನ್ನಿನವನು ಹೊಳೆಯ ಜೇಡಿ ಒತ್ತಿ ಸುಟ್ಟು ಮಾಡಿದ ಮೊದಲ ಹಂಚು ಅದೇ ವರ್ಷದ್ದು. ಒಂದರ ಅಂಚು ಇನ್ನೊಂದರ ಕಾಲುವೆಗೆ ಕೂರುತ್ತದೆ, ಹಿಂದಿನ ಕೊಕ್ಕೆ ರೀಪನ್ನು ಹಿಡಿಯುತ್ತದೆ, ಮೊಳೆ ಬೇಡ, ಗಾರೆ ಬೇಡ. ಮಳೆ ಒಳಗೆ ಬರುವುದಿಲ್ಲ, ಸೆಕೆ ಮಾತ್ರ ಸಂದಿನಿಂದ ಹೊರಗೆ ಹೋಗುತ್ತದೆ. ಆಫ್ರಿಕಾಕ್ಕೂ ಹೋಯಿತು ನಮ್ಮೂರ ಹಂಚು. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಕಾರ್ಖಾನೆಗಳನ್ನು ಬ್ರಿಟಿಷರು ವಶ ಮಾಡಿಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ನಮ್ಮ ಹಳೆ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ಮಾಡಿಗೆ ಹತ್ತುವ ಗೌಜಿ. ಒಬ್ಬರು ಮೇಲೆ, ಒಬ್ಬರು ಏಣಿಯಲ್ಲಿ, ನಾವು ಮಕ್ಕಳು ಕೆಳಗೆ ಸಾಲಾಗಿ ನಿಂತು ಹಂಚು ಕೈಯಿಂದ ಕೈಗೆ ದಾಟಿಸುವುದು. ಪಾಚಿ ಉಜ್ಜುವುದು, ತೆಂಗಿನಕಾಯಿ ಬಿದ್ದು ಒಡೆದದ್ದನ್ನು ಬದಲಿಸುವುದು. ಅಡುಗೆಕೋಣೆಯ ಮೇಲೆ ಒಂದು ಗಾಜಿನ ಹಂಚಿತ್ತು. ಬಿಸಿಲಿನ ಚೌಕ ನೆಲದಲ್ಲಿ ಸರಿಯುತ್ತ ಕಡೆಯುವ ಕಲ್ಲಿನ ಹತ್ತಿರ ಬಂದರೆ ಅಮ್ಮ ಅನ್ನಕ್ಕೆ ನೀರಿಡುವ ಹೊತ್ತು. ಗಡಿಯಾರ ಇದ್ದರೂ ಅವಳು ಅದನ್ನೇ ನೋಡುತ್ತಿದ್ದಳು.

ಆ ಹಂಚಿನ ಕಾರ್ಖಾನೆಗಳ ಹೊಗೆಗೊಳವೆಗಳು ಹೊಳೆಬದಿಯಲ್ಲಿ ಒಂದೊಂದಾಗಿ ತಣ್ಣಗಾದವು. ಜೇಡಿ ಸಿಗುವುದಿಲ್ಲ, ಸೌದೆ ದುಬಾರಿ, ಎಲ್ಲರಿಗೂ ತಾರಸಿ ಬೇಕು. ಬಂದರಿನ ಹಂಚಿನ ಮಾಡುಗಳು ಉಳಿಯಬೇಕು ಮಾರಾಯ್ರೆ. ಉಳಿಸುವುದಕ್ಕೆ ದೊಡ್ಡ ಯೋಜನೆ ಬೇಡ, ಒಡೆದ ಹಂಚಿಗೆ ಹಂಚು ಸಿಕ್ಕರೆ, ಹತ್ತುವ ಆಳು ಸಿಕ್ಕರೆ ಸಾಕು. ಬಿಚ್ಚಿದ ಹಂಚನ್ನು ಮಾರುವವರ ಹತ್ತಿರ ಅದನ್ನೇ ಹೇಳಿ ಬಂದೆ. ಒಳ್ಳೆಯ ಹಂಚಿಗೆ ಈಗಲೂ ಗಿರಾಕಿ ಇದ್ದಾರೆ ಅಂದರು. ಅಷ್ಟು ಕೇಳಿಯೇ ನನಗೆ ಸಮಾಧಾನ ಆಯಿತು.

ಬಿಸಿಲು ಇಳಿದ ಮೇಲೆ ಬೋಳೂರಿಗೆ, ಸುಲ್ತಾನ್ ಬತ್ತೇರಿಗೆ. ಕೋಟೆ ಅಂತ ದೊಡ್ಡದಾಗಿ ಎಣಿಸಿ ಬಂದವರು ಮೊದಲು ಹುಡುಕುತ್ತಾರೆ, ಎಲ್ಲಿದೆ ಅಂತ. ಕರಿಕಲ್ಲಿನ ಒಂದು ಬುರುಜು, ಅಷ್ಟೇ. ಮೆಟ್ಟಿಲು ಹತ್ತಿ ತೂಬಿನಿಂದ ಇಣುಕಿದರೆ ಆಗ ಅರ್ಥವಾಗುತ್ತದೆ, ಗುರುಪುರ ಹೊಳೆಗೆ ಬರುವ ಯಾವ ಹಡಗೂ ಆ ಕಣ್ಣು ತಪ್ಪಿಸಲಾರದು. ಕೆಳಗೆ ಮದ್ದಿನ ಕೋಣೆ. 1784ರ ಮಾರ್ಚ್ 11ಕ್ಕೆ ಟಿಪ್ಪುವಿಗೂ ಕಂಪನಿಗೂ ಒಪ್ಪಂದ ಆದದ್ದು ಇದೇ ಊರಿನಲ್ಲಿ. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಒಳಗಿನವರನ್ನು ಹಸಿವೆಯಲ್ಲೇ ಮಣಿಸಿದ ಆ ಮಂಗಳೂರು ಕೋಟೆ ಈಗಿಲ್ಲ, ಈ ಬುರುಜೊಂದು ಉಳಿದಿದೆ. ಅದರ ಬುಡದಲ್ಲಿ ಹುಡುಗರು ಗಾಳ ಹಾಕಿ ಕೂತಿದ್ದರು. ಏನು ಸಿಕ್ಕಿತು ಅಂದರೆ, ಇನ್ನೂ ಇಲ್ಲ ಅಂದರು.

ಅಲ್ಲಿಂದಲೇ ತಣ್ಣೀರುಬಾವಿಗೆ ದೋಣಿ. ಇಡೀ ದಿನದಲ್ಲಿ ಹುಡುಗನ ಮುಖ ಅರಳಿದ್ದು ಅಲ್ಲಿ. ರಾಣೆಬೆನ್ನೂರಿನವನಿಗೆ ತುಂಗಭದ್ರೆ ಗೊತ್ತು, ಸಮುದ್ರಕ್ಕೆ ಅಂಟಿಕೊಂಡು, ಅದಕ್ಕೆ ಸೇರದೆ, ಉದ್ದಕ್ಕೂ ಪಕ್ಕದಲ್ಲೇ ಹರಿಯುವ ಹೊಳೆ ಅವನು ಕಂಡಿರಲಿಲ್ಲ. ಈಚೆ ಹೊಳೆ, ಆಚೆ ಕಡಲು, ನಡುವೆ ಒಂದು ಪಟ್ಟಿ ಮರಳು, ಅದರ ಮೇಲೆ ಮನೆ, ಶಾಲೆ, ತೆಂಗು. ದೋಣಿಯಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟವರು, ಮೀನಿನ ಖಾಲಿ ಬುಟ್ಟಿಯ ಹೆಂಗಸರು, ಯೂನಿಫಾರ್ಮಿನ ಮಕ್ಕಳು. ಒಂದು ಪುಟ್ಟ ಹುಡುಗಿ ಇವನ ಚೀಲದ ಜಿಪ್ಪುಗಳನ್ನು ಬೆರಳಲ್ಲಿ ಎಣಿಸುತ್ತಾ, ಇದರಲ್ಲಿ ಏನುಂಟು, ಅದರಲ್ಲಿ ಏನುಂಟು ಅಂತ ಕೇಳುತ್ತಲೇ ಇದ್ದಳು. ದಡ ಬರುವಷ್ಟರಲ್ಲಿ ಅವನು ಎಲ್ಲ ಜಿಪ್ಪು ತೆಗೆದು ತೋರಿಸಿಯಾಗಿತ್ತು. ಆಮೇಲೆ ಗಾಳಿಮರದ ನೆರಳು, ಚರುಮುರಿ, ಪಣಂಬೂರಿನ ಬಂದರಿಗೆ ಕಾದು ದೂರದಲ್ಲಿ ನಿಂತ ಹಡಗುಗಳು. ನಾನು ಕೊಡೆ ಮಡಿಸಿ ಕೂತೆ, ಅವನು ತೆರೆಗೆ ಇಳಿದ.

ಹಂಪನಕಟ್ಟೆಗೆ ವಾಪಸು ಬಂದು ಒಂದು ಗಡ್‌ಬಡ್ ಐಸ್‌ಕ್ರೀಂ ತಿನ್ನದೆ ಬಸ್ಸು ಹತ್ತಿಸುವುದು ಹೇಗೆ? ಉದ್ದದ ಗ್ಲಾಸು, ಅದಕ್ಕಿಂತ ಉದ್ದದ ಚಮಚ, ಅಡಿಯಲ್ಲಿ ಜೆಲ್ಲಿ, ನಡುವೆ ಹಣ್ಣು, ಮೇಲೆ ಗೋಡಂಬಿ. ಅವನ ದಿನದ ಲೆಕ್ಕದಲ್ಲಿ ಅದೇ ದೊಡ್ಡ ಖರ್ಚು. ಎಲ್ಲ ಸೇರಿ ಐನೂರು ದಾಟಲಿಲ್ಲ ಅಂತ ಮೊಬೈಲು ನೋಡಿ ಹೇಳಿದ. ಬಿಜೈಯಲ್ಲಿ ಬಸ್ಸು ಹತ್ತುವ ಹೊತ್ತಿಗೆ ನಮ್ಮ ಮನೆಯವಳೂ ಬಂದಿದ್ದಳು, ಕೊಟ್ಟೆ ಕಡುಬಿನ ಪೊಟ್ಟಣ ಹಿಡಿದುಕೊಂಡು. ಮನೆಗೆ ಬರುವುದಿಲ್ಲ ಅಂದದ್ದಲ್ವಾ, ಬಸ್‌ಸ್ಟ್ಯಾಂಡಿನಲ್ಲಿ ತಗೊಳ್ಳುವುದಿಲ್ಲ ಅಂತ ಹೇಳಿಲ್ಲವಲ್ಲ ಅಂತ ಅವಳ ವಾದ. ಹಲಸಿನ ಎಲೆಯ ಪರಿಮಳಕ್ಕೆ ಅವನ ಕಟ್ಟುಪಾಡು ಅಲ್ಲಿಗೇ ಸಡಿಲಾಯಿತು.

ನೋಡದೆ ಉಳಿದದ್ದು ಬೇಕಾದಷ್ಟಿದೆ. ಮಂಗಳಾದೇವಿ, ರೊಸಾರಿಯೊ ಇಗರ್ಜಿ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ, ಉಳ್ಳಾಲ. ಮುಂದಿನ ಸಲ ಮಳೆಗಾಲದಲ್ಲೇ ಬಾ ಅಂತ ಹೇಳಿದ್ದೇನೆ. ಕಡಲಿಗೆ ಬೋಟು ಇಳಿಯುವುದಿಲ್ಲ, ತಾಜಾ ಮೀನು ಕಡಿಮೆ, ಬಟ್ಟೆ ಒಣಗುವುದಿಲ್ಲ, ನಿಜ. ಆದರೆ ಹಂಚಿನ ಮೇಲೆ ಮಳೆ ಬೀಳುವುದನ್ನು ಒಳಗೆ ಕೂತು ಕೇಳದವನು ಮಂಗಳೂರು ನೋಡಿದ ಅಂತ ಹೇಗೆ ಹೇಳುವುದು? ಮನೆಯವಳು ಆಗಲೇ ಆಟಿಯಲ್ಲಿ ಪತ್ರೊಡೆ ಮಾಡುವುದು ಅಂತ ತೀರ್ಮಾನಿಸಿ ಆಗಿದೆ. ಅಂದ ಹಾಗೆ, ನಿಮ್ಮ ಪಾಗಾರದ ಬದಿಯ ಹಲಸಿನ ಮರದಲ್ಲಿ ವರ್ಷವೂ ಮರಕೆಸು ಏಳುತ್ತದಲ್ಲ, ಅವನು ಬರುವ ಹೊತ್ತಿಗೆ ನಮಗೂ ಒಂದಿಷ್ಟು ಎಲೆ ಕೊಡ್ತೀರಲ್ವಾ?